ಹಳೆ ಗಾಡಿಯ ಟೇಲ್ ಲೈಟ್ ಮಂದವಾಗಿದೆಯಾ? ಎಲ್‌ಇಡಿ ಕೊಳ್ಳುವ ಮೊದಲು ಇಷ್ಟು ಮಾಡಿ

ರಾತ್ರಿ ಹೊತ್ತು ತೋರಣಗಲ್ಲಿನಿಂದ ಕುಡುತಿನಿ ದಾಟಿ ಬಳ್ಳಾರಿ ಕಡೆ ಬರುವವರಿಗೆ ಇದು ಗೊತ್ತು. ಹೊಸ ಲಾರಿಗಳ ಹಿಂದಿನ ಕೆಂಪು ದೀಪ ದೂರದಿಂದಲೇ ಕಾಣುತ್ತದೆ. ನಡುವೆ ಒಂದು ಹಳೆ ಟೆಂಪೋ ಇದ್ದರೆ ಮಾತ್ರ ತೀರಾ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಸಿರುಗುಪ್ಪ, ಕಂಪ್ಲಿ ಕಡೆ ಭತ್ತದ ಸುಗ್ಗಿಯಲ್ಲಿ ಟ್ರಾಲಿಗಳ ಕಥೆಯೂ ಅದೇ. ಲೈಟ್ ಇಲ್ಲ ಅಂತಲ್ಲ. ಇದೆ, ಉರಿಯುತ್ತಲೂ ಇದೆ. ಆದರೆ ಹಿಂದೆ ಬರುವವರಿಗೆ ಕಾಣುವಷ್ಟು ಉರಿಯುತ್ತಿಲ್ಲ.

ಹೆಡ್‌ಲೈಟ್ ಮಂದವಾದರೆ ನಮಗೇ ತೊಂದರೆ, ಅವತ್ತೇ ಸರಿ ಮಾಡಿಸುತ್ತೇವೆ. ಟೇಲ್ ಲೈಟ್ ಮಂದವಾದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ವರ್ಷಗಟ್ಟಲೆ ಹಾಗೇ ಓಡಿಸುತ್ತೇವೆ. ಗೊತ್ತಾದ ಮೇಲೂ ನೇರ ಅಂಗಡಿಗೆ ಹೋಗಿ ಎಲ್‌ಇಡಿ ಬಲ್ಬ್ ತಂದು ಹಾಕುತ್ತೇವೆ. ನಾನು ಇಷ್ಟು ಹೇಳುತ್ತೇನೆ: ಹತ್ತರಲ್ಲಿ ಎಂಟು ಗಾಡಿಗಳಲ್ಲಿ ತಪ್ಪು ಬಲ್ಬಿನದಲ್ಲ ಅಂತ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಕಂಪನಿಯಿಂದ ಬಂದಾಗ ಆ ಗಾಡಿಗೆ ಸಾಕಷ್ಟು ಬೆಳಕಿತ್ತು. ಆ ಬೆಳಕು ತುಕ್ಕಿನಲ್ಲಿ, ಧೂಳಿನಲ್ಲಿ, ಸಡಿಲ ಜಾಯಿಂಟಿನಲ್ಲಿ ಸೋರಿ ಹೋಗಿದೆ. ಮೊದಲು ಅದನ್ನು ವಾಪಸ್ ತರಬೇಕು. ಆಮೇಲೆ ಬೇಕಿದ್ದರೆ ಎಲ್‌ಇಡಿ.

ಇಲ್ಲಿ ಹೇಳುವುದು ಕಾರು, ಟೆಂಪೋ, ಟ್ರ್ಯಾಕ್ಟರ್ ಮತ್ತು ಅದರ ಟ್ರಾಲಿ, ಬೈಕುಗಳಿಗೆ ಹೊಂದುತ್ತದೆ. ಲಾರಿಯಾದರೆ 24 ವೋಲ್ಟಿನ ವೈರಿಂಗ್ ಅನ್ನುವುದು ನೆನಪಿರಲಿ, ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ.

ಬೇಕಾಗುವ ಸಾಮಾನು

ಸಾದಾ ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಹಳೆ ಟೂತ್‌ಬ್ರಷ್, 400 ನಂಬರಿನ ಉಪ್ಪು ಕಾಗದ, 1 ಚದರ ಮಿಲಿಮೀಟರಿನ ವೈರ್ ಒಂದಷ್ಟು ಮೀಟರ್, ರಿಂಗ್ ಲಗ್‌ಗಳು (ವೈರಿನ ತುದಿಗೆ ಒತ್ತುವ ಉಂಗುರದಂಥ ಲೋಹದ ತುಂಡು), ವ್ಯಾಸಲೀನ್, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು. ಗ್ಲಾಸ್, ಅಂದರೆ ಲೈಟಿನ ಮೇಲಿನ ಕೆಂಪು ಪ್ಲಾಸ್ಟಿಕ್ ಮುಚ್ಚಳ, ಪಾಲಿಶ್ ಮಾಡುವುದಿದ್ದರೆ 1000, 1500, 2000 ನಂಬರಿನ ವಾಟರ್ ಪೇಪರ್ ಮತ್ತು ರಬ್ಬಿಂಗ್ ಕಾಂಪೌಂಡ್. ಮಲ್ಟಿಮೀಟರ್ ಇಲ್ಲದೆಯೂ ಅರ್ಧ ಕೆಲಸ ಆಗುತ್ತದೆ. ಆದರೆ ಇದ್ದರೆ ಊಹೆ ಮಾಡುವುದು ತಪ್ಪುತ್ತದೆ.

ಶುರು ಮಾಡುವ ಮೊದಲು ಒಂದು ಫೋಟೋ ತೆಗೆದಿಡಿ. ಕತ್ತಲಾದ ಮೇಲೆ ಗಾಡಿಯಿಂದ ಹತ್ತು ಹೆಜ್ಜೆ ಹಿಂದೆ ನಿಂತು, ಫೋನಿನ ಪರದೆಯಲ್ಲಿ ಲೈಟಿನ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಒಂದು ಫೋಟೋ ಟೇಲ್ ಲೈಟಿಗೆ, ಇನ್ನೊಂದು ಬ್ರೇಕ್ ಒತ್ತಿದಾಗ. ಲಾಕ್ ಮಾಡದಿದ್ದರೆ ಫೋನ್ ತಾನೇ ಬೆಳಕು ಹೆಚ್ಚಿಸಿಬಿಡುತ್ತದೆ, ಹೋಲಿಸಿ ನೋಡಲು ಆಗುವುದಿಲ್ಲ. ಎಡ ಬಲ ಎರಡೂ ಒಂದೇ ಸಮ ಇವೆಯಾ ಅಂತಲೂ ಆಗಲೇ ನೋಡಿಕೊಳ್ಳಿ. ಒಂದು ಕಡೆ ಮಾತ್ರ ಮಂದವಾಗಿದ್ದರೆ ದೋಷ ಆ ಕಡೆಯ ಬಲ್ಬ್ ಹೋಲ್ಡರಿನಲ್ಲೋ ಅರ್ತಿನಲ್ಲೋ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಇರುತ್ತದೆ. ಎರಡೂ ಕಡೆ ಮಂದವಾಗಿದ್ದರೆ ಸ್ವಿಚ್, ಮೇನ್ ವೈರ್ ಅಥವಾ ಚಾರ್ಜಿಂಗ್ ಕಡೆ ನೋಡಬೇಕು.

ಬಲ್ಬಿನ ಮೇಲೆ ಏನು ಬರೆದಿದೆ?

ಬಲ್ಬ್ ಬಿಚ್ಚಿ ಅದರ ಹಿತ್ತಾಳೆ ಭಾಗದ ಮೇಲಿನ ಬರಹ ಓದಿ. ಹೆಚ್ಚಿನ ಗಾಡಿಗಳಲ್ಲಿ ಟೇಲ್ ಮತ್ತು ಬ್ರೇಕ್ ಎರಡಕ್ಕೂ ಸೇರಿ ಒಂದೇ ಬಲ್ಬ್ ಇರುತ್ತದೆ, 12 ವೋಲ್ಟ್ 21/5 ವ್ಯಾಟ್. ಒಳಗೆ ಎರಡು ಫಿಲಮೆಂಟ್. 5 ವ್ಯಾಟಿನದು ಟೇಲ್, 21 ವ್ಯಾಟಿನದು ಬ್ರೇಕ್. ಅದರ ಎರಡು ಪಿನ್‌ಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ, ತಿರುಗಾಮುರುಗಾ ಕೂರಬಾರದು ಅಂತಲೇ ಹಾಗೆ ಮಾಡಿದ್ದಾರೆ. ಸವೆದ ಹೋಲ್ಡರಿನಲ್ಲಿ ಬಲವಂತವಾಗಿ ತಿರುವಿ ಉಲ್ಟಾ ಕೂರಿಸಿದರೆ ಟೇಲ್ ಲೈಟ್ 21 ವ್ಯಾಟಿನಲ್ಲಿ ಸದಾ ಉರಿಯುತ್ತದೆ, ಬ್ರೇಕ್ ಒತ್ತಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಆ ಬಿಸಿಗೆ ಗ್ಲಾಸ್ ಕೂಡ ಸೊಟ್ಟಗಾಗುತ್ತದೆ.

ಲಾರಿಗಳೇ ಜಾಸ್ತಿ ಇರುವ ನಮ್ಮ ಕಡೆ ಅಂಗಡಿಗಳಲ್ಲಿ 24 ವೋಲ್ಟಿನ ಬಲ್ಬ್ ರಾಶಿ ಇರುತ್ತದೆ. ಅಪ್ಪಿತಪ್ಪಿ ಅದು ಟ್ರ್ಯಾಕ್ಟರಿಗೆ ಬಂದರೆ ಸರಿಯಾಗಿ ಕೂರುತ್ತದೆ, ಉರಿಯುತ್ತದೆ, ಆದರೆ ಬೆಳಕು ಹತ್ತನೇ ಒಂದು ಭಾಗದಷ್ಟು. ಹಾಗಾಗಿ ಕೊಳ್ಳುವಾಗಲೇ ಓದಿ ನೋಡಿ.

ಬಲ್ಬಿನ ಗಾಜು ಒಳಗಿನಿಂದ ಬೂದು ಅಥವಾ ಕಪ್ಪಗಾಗಿದ್ದರೆ ಬದಲಿಸಿ. ಫಿಲಮೆಂಟಿನ ಟಂಗ್‌ಸ್ಟನ್ ನಿಧಾನವಾಗಿ ಆವಿಯಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬಲ್ಬ್ ಸುಡದಿದ್ದರೂ ಬೆಳಕು ಇಳಿಯುತ್ತದೆ. ಒಂದು ಪ್ಲೇಟ್ ಒಗ್ಗರಣೆ ಮಿರ್ಚಿಗೆ ಕೊಡುವಷ್ಟು ದುಡ್ಡಿನ ಕೆಲಸ. ಎರಡೂ ಕಡೆ ಒಟ್ಟಿಗೇ ಬದಲಿಸಿ. ಜಾಸ್ತಿ ಬೆಳಕಿನ ಆಸೆಗೆ ಹೆಚ್ಚು ವ್ಯಾಟಿನ ಬಲ್ಬ್ ಮಾತ್ರ ಬೇಡ. ಗ್ಲಾಸು, ಹೋಲ್ಡರು, ವೈರು ಯಾವುದನ್ನೂ ಆ ಬಿಸಿಗೆ ಮಾಡಿರುವುದಿಲ್ಲ.

ಅರ್ತ್ ನೋಡಿ, ಚೆನ್ನಾಗಿ ನೋಡಿ

ಹಳೆಯ ಆಟೋ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಹೋದರೆ ಮೊದಲು ಬರುವ ಮಾತು, "ಅರ್ತ್ ನೋಡಪ್ಪ ಮೊದ್ಲು, ಆಮೇಲೆ ರೊಕ್ಕ ಹಾಕು." ಅದು ಅನುಭವದ ಮಾತು. ಬಲ್ಬಿಗೆ ಪಾಸಿಟಿವ್ ವೈರ್ ಬಂದರೆ ಸಾಲದು, ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗಬೇಕು. ಹಳೆ ಗಾಡಿಗಳಲ್ಲಿ ಆ ದಾರಿ ಹೋಲ್ಡರಿನ ತಗಡು, ಅದನ್ನು ಹಿಡಿದ ಸ್ಕ್ರೂ, ಬಾಡಿ, ಚಾಸಿ ಹೀಗೆ ಸಾಗುತ್ತದೆ. ಇದರಲ್ಲಿ ಒಂದು ಕಡೆ ತುಕ್ಕು ಹಿಡಿದರೂ, ಮೇಲೆ ಪೇಂಟ್ ಹೊಡೆದು ಸ್ಕ್ರೂ ಬಿಗಿದಿದ್ದರೂ ಬೆಳಕು ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಶೇ. 10 ಅಲ್ಲ, ಸುಮಾರು ಶೇ. 30 ಕಡಿಮೆಯಾಗುತ್ತದೆ. 13.5 ವೋಲ್ಟ್ ಸಿಗಬೇಕಾದ ಬಲ್ಬಿಗೆ 12 ಮಾತ್ರ ಸಿಕ್ಕರೆ ಮೂರನೇ ಒಂದು ಭಾಗ ಬೆಳಕು ಹೋಯಿತು. ಒಂದೂವರೆ ವೋಲ್ಟ್ ನುಂಗಲು ಒಂದು ತುಕ್ಕು ಹಿಡಿದ ಸ್ಕ್ರೂ ಸಾಕು.

ಅರ್ತ್ ಕೆಟ್ಟಿರುವುದರ ಗುರುತು ಸುಲಭ. ಲೈಟ್ ಆನ್ ಮಾಡಿ ಬ್ರೇಕ್ ಒತ್ತಿ. ಟೇಲ್ ಲೈಟ್ ಇನ್ನೂ ಮಂದವಾಗುತ್ತದೆಯಾ? ಇಂಡಿಕೇಟರ್ ಹಾಕಿದಾಗ ಅದರ ಜೊತೆ ಟೇಲ್ ಲೈಟೂ ಮಿಣುಕುತ್ತದೆಯಾ? ಬ್ರೇಕ್ ಒತ್ತಿದರೆ ಇಂಡಿಕೇಟರ್ ಒಳಗೆ ಸಣ್ಣಗೆ ಬೆಳಕು ಬರುತ್ತದೆಯಾ? ಹೌದು ಅಂದರೆ ಕರೆಂಟಿಗೆ ವಾಪಸ್ ಹೋಗುವ ಸರಿಯಾದ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿದೆ ಅಂತಲೇ ಅರ್ಥ.

ಖಚಿತ ಮಾಡಿಕೊಳ್ಳಲು ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಲೈಟ್ ಉರಿಯುತ್ತಿರಬೇಕು, ಬ್ರೇಕ್ ಒತ್ತಿರಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಪೆಡಲ್ ಮತ್ತು ಸೀಟಿನ ನಡುವೆ ಒಂದು ಕಟ್ಟಿಗೆ ತುಂಡು ಸಿಕ್ಕಿಸಿ. ಮೀಟರಿನ ಒಂದು ವೈರ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಬಲ್ಬ್ ಹೋಲ್ಡರಿನ ತಗಡಿಗೆ. ವೈರ್ ಮುಟ್ಟದಿದ್ದರೆ ಉದ್ದದ ವೈರ್ ಸೇರಿಸಿಕೊಳ್ಳಿ. 0.1 ಅಥವಾ 0.2 ವೋಲ್ಟ್ ತೋರಿಸಿದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಲೈಟ್ ಆಫ್ ಇದ್ದಾಗ ಈ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ, ಕರೆಂಟ್ ಹರಿಯುವಾಗ ಮಾತ್ರ ವೋಲ್ಟೇಜ್ ಬೀಳುವುದು ಗೊತ್ತಾಗುತ್ತದೆ.

ಮೀಟರ್ ಇಲ್ಲವೇ? ಬ್ಯಾಟರಿ ನೆಗೆಟಿವ್‌ನಿಂದ ಒಂದು ಉದ್ದನೆಯ ವೈರ್ ತಂದು ಹೋಲ್ಡರಿನ ತಗಡಿಗೆ ಮುಟ್ಟಿಸಿ. ಲೈಟ್ ತಟ್ಟನೆ ಹೆಚ್ಚಾದರೆ ಅಷ್ಟೇ ಸಾಕು, ರೋಗ ಗೊತ್ತಾಯಿತು.

ಸರಿ ಮಾಡುವುದು ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹೋಲ್ಡರಿನ ಒಳಭಾಗವನ್ನು 400 ನಂಬರಿನ ಉಪ್ಪು ಕಾಗದವನ್ನು ಸುರುಳಿ ಸುತ್ತಿ ಉಜ್ಜಿ, ಹೊಳೆಯುವ ಲೋಹ ಕಾಣಬೇಕು. ತಳದಲ್ಲಿರುವ ಸ್ಪ್ರಿಂಗ್ ಕಾಂಟ್ಯಾಕ್ಟ್‌ಗಳನ್ನು ಬೆರಳಲ್ಲಿ ಒತ್ತಿ ನೋಡಿ. ಒತ್ತಿದ್ದು ಮೇಲೆ ಬರದಿದ್ದರೆ ಸ್ಪ್ರಿಂಗ್ ಸತ್ತಿದೆ, ಹೋಲ್ಡರೇ ಬದಲಿಸಿ. ಬಲ್ಬಿನ ತುದಿಯ ಸೀಸದ ಚುಕ್ಕೆ ಸವೆದು ಗುಂಡಿ ಬಿದ್ದಿದ್ದರೂ ಕಾಂಟ್ಯಾಕ್ಟ್ ಸರಿ ಸಿಗುವುದಿಲ್ಲ. ಆಮೇಲೆ ಹೋಲ್ಡರಿನ ತಗಡಿಗೆ ಬೇರೆಯೇ ಒಂದು ಅರ್ತ್ ವೈರ್ ಹಾಕಿ, ಇನ್ನೊಂದು ತುದಿಗೆ ರಿಂಗ್ ಲಗ್ ಒತ್ತಿ, ಚಾಸಿಯ ಗಟ್ಟಿ ಬೋಲ್ಟಿಗೆ ಬಿಗಿಯಿರಿ. ಬೋಲ್ಟಿನ ಕೆಳಗಿನ ಪೇಂಟ್ ಕೆರೆದು ತೆಗೆಯಲೇಬೇಕು. ಹಲ್ಲಿನ ವಾಷರ್ ಹಾಕಿದರೆ ಇನ್ನೂ ಒಳ್ಳೆಯದು. ಬಿಗಿದ ಮೇಲೆ ಮೇಲಿಂದ ವ್ಯಾಸಲೀನ್ ಅಥವಾ ಗ್ರೀಸ್ ಸವರಿ, ನೀರು ಇಳಿಯದಂತೆ.

ಟ್ರಾಲಿ ಇದ್ದವರು ಇದನ್ನು ಬಿಡಲೇಬಾರದು. ಎಷ್ಟೋ ಟ್ರಾಲಿಗಳಿಗೆ ಅರ್ತ್ ವೈರೇ ಇರುವುದಿಲ್ಲ. ಟ್ರ್ಯಾಕ್ಟರಿನ ಹುಕ್ಕಿಗೆ ಹಾಕುವ ಪಿನ್ನೇ ಅರ್ತ್! ಗ್ರೀಸು, ಮಣ್ಣು, ತುಕ್ಕು ಸೇರಿದ ಆ ಪಿನ್ ಗುಂಡಿಯಲ್ಲಿ ಅಲ್ಲಾಡಿದಂತೆಲ್ಲ ಲೈಟ್ ಹೋಗಿ ಬರುತ್ತದೆ. 7 ಪಿನ್ನಿನ ಸಾಕೆಟ್ ಇದ್ದರೆ ಅದರಲ್ಲಿ ಅರ್ತಿಗೆ ಅಂತಲೇ ಒಂದು ಪಿನ್ ಇರುತ್ತದೆ. ಅದರಿಂದ ಟ್ರಾಲಿಯ ಹಿಂದಿನವರೆಗೆ ನೇರವಾಗಿ ಒಂದು ವೈರ್ ಎಳೆದುಬಿಡಿ. ವೈರಿನ ಬಣ್ಣ ನೋಡಿ ನಂಬಬೇಡಿ. ಹಿಂದೆ ರಿಪೇರಿ ಮಾಡಿದವರು ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ. ಮೀಟರ್ ಇಟ್ಟು ಯಾವ ಪಿನ್ ಯಾವುದಕ್ಕೆ ಅಂತ ನೋಡಿಕೊಂಡೇ ಜೋಡಿಸಿ.

ಪಾಸಿಟಿವ್ ಕಡೆ

ಅರ್ತ್ ಸರಿಯಾದ ಮೇಲೂ ಮಂದವಾಗಿದ್ದರೆ ಇಂಜಿನ್ ಸ್ಟಾರ್ಟ್ ಮಾಡಿ ಬ್ಯಾಟರಿಯ ಎರಡೂ ತುದಿಗೆ ಮೀಟರ್ ಇಡಿ. 13.5ರಿಂದ 14.5ರ ಒಳಗೆ ಇರಬೇಕು. 12ರ ಆಸುಪಾಸಿನಲ್ಲೇ ನಿಂತಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ. ಅದನ್ನು ಸರಿ ಮಾಡಿಸದೆ ಲೈಟಿನ ಹಿಂದೆ ಬಿದ್ದು ಪ್ರಯೋಜನವಿಲ್ಲ.

ಚಾರ್ಜಿಂಗ್ ಸರಿ ಇದ್ದರೆ ಲೈಟ್ ಆನ್ ಮಾಡಿ, ಬ್ಯಾಟರಿ ಪಾಸಿಟಿವ್‌ನಿಂದ ಹೋಲ್ಡರಿಗೆ ಬರುವ ವೈರಿನವರೆಗೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಿದ್ದಿದ್ದರೆ ನಡುವೆ ಎಲ್ಲೋ ಸೋರುತ್ತಿದೆ. ಫ್ಯೂಸಿನ ಕಾಲು, ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟು, ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳು, ಈ ಮೂರೇ ಸಾಮಾನ್ಯವಾಗಿ ಸಿಗುವ ಜಾಗ. ಟೇಪ್ ಬಿಚ್ಚಿದರೆ ಒಳಗಿನ ತಾಮ್ರ ಹಸಿರು, ಕಪ್ಪು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕತ್ತರಿಸಿ ಎಸೆದು, ಹೊಸ ತುದಿ ಮಾಡಿ, ಬೆಸುಗೆ ಹಾಕಿ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಏರಿಸಿ.

ಸ್ವಿಚ್ಚೇ ವೋಲ್ಟೇಜ್ ತಿನ್ನುತ್ತಿದ್ದರೆ, ಹೊಸ ಸ್ವಿಚ್ ಸಿಗದ ಗಾಡಿಯಾದರೆ, ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್, ಹಾಕುವುದು ಒಳ್ಳೆಯ ಉಪಾಯ. ಸಾದಾ ನಾಲ್ಕು ಕಾಲಿನ 12 ವೋಲ್ಟಿನ ರಿಲೇ ಸಾಕು. 30 ಅಂತ ಬರೆದ ಕಾಲಿಗೆ ಬ್ಯಾಟರಿ ಪಾಸಿಟಿವ್‌ನಿಂದ 10 ಆಂಪಿಯರ್ ಫ್ಯೂಸ್ ಮೂಲಕ ಬರುವ ವೈರ್. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. 87ರಿಂದ ಟೇಲ್ ಲೈಟ್‌ಗಳಿಗೆ. 86ಕ್ಕೆ ಹಳೆ ಸ್ವಿಚ್ಚಿನ ವೈರ್. 85 ಅರ್ತಿಗೆ. ಈಗ ಸ್ವಿಚ್ಚಿನ ಮೇಲೆ ಹೊರೆ ಇಲ್ಲ, ಲೈಟಿಗೆ ಪೂರ್ತಿ ವೋಲ್ಟೇಜ್. ಬ್ರೇಕ್ ಲೈಟಿಗೂ ಹಾಕುವುದಿದ್ದರೆ ಅದಕ್ಕೆ ಬೇರೆ ರಿಲೇ ಬೇಕು, ಎರಡನ್ನೂ ಒಂದಕ್ಕೇ ಸೇರಿಸಬೇಡಿ. ವೈರ್ ಎಳೆಯುವಾಗ ಸೈಲೆನ್ಸರಿನಿಂದ ದೂರ ಇರಲಿ.

ಹಳೆ ಬೈಕಿನವರಿಗೆ ಒಂದು ಮಾತು. ಕೆಲವು ಬೈಕುಗಳಲ್ಲಿ ಟೇಲ್ ಲೈಟಿಗೆ ಕರೆಂಟ್ ಬ್ಯಾಟರಿಯಿಂದ ಬರುವುದಿಲ್ಲ, ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಬರುತ್ತದೆ. ರೇಸ್ ಕೊಟ್ಟರೆ ಬೆಳಕು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅದು ದೋಷವಲ್ಲ, ಅದರ ಕಟ್ಟಣೆಯೇ ಹಾಗೆ. ಅಂಥ ಬೈಕಿಗೆ ಸಾದಾ ಎಲ್‌ಇಡಿ ಹಾಕಿದರೆ ಮಿಣಮಿಣ ಅನ್ನುತ್ತದೆ.

ತೊಳೆಯುವುದು ಮತ್ತು ಒಳಗಿನ ಹೊಳಪು

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳ ಮೇಲೆ ಕೂರುವ ಕೆಂಪು ಧೂಳು ಬರೀ ಮಣ್ಣಲ್ಲ. ಅದರಲ್ಲಿ ಕಬ್ಬಿಣದ ಅದಿರಿನ ಪುಡಿ ಇದೆ, ಟೇಲ್ ಲೈಟಿನ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಗಟ್ಟಿಯಾದದ್ದು. ಒಣ ಬಟ್ಟೆಯಲ್ಲಿ ಸರ್ರನೆ ಒರೆಸಿದರೆ ಪ್ರತಿ ಸಲವೂ ಸಣ್ಣ ಸಣ್ಣ ಗೀರು ಬೀಳುತ್ತದೆ. ಒಂದೆರಡು ವರ್ಷಕ್ಕೆ ಗ್ಲಾಸ್ ಮಸುಕಾಗುವುದು ಅದರಿಂದಲೇ. ಮೊದಲು ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಸೋಪಿನ ನೀರಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ. ಈ ಅಭ್ಯಾಸ ಒಂದು ಮಾಡಿಕೊಂಡರೆ ಪಾಲಿಶ್ ಮಾಡುವ ಪ್ರಮೇಯವೇ ಅಪರೂಪ.

ಸ್ಕ್ರೂ ಬಿಚ್ಚಿ ಗ್ಲಾಸ್ ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿ. ಒಳಗಿನ ಸಣ್ಣ ಸಣ್ಣ ಗೆರೆಗಳ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಮೂಲೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಕೆಳಗೆ ಸತ್ತ ಹುಳುಗಳು. ಹೊರಗಿನಿಂದ ಎಷ್ಟೇ ಒರೆಸಿದರೂ ಇದು ಹೋಗುವುದಿಲ್ಲ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಟೂತ್‌ಬ್ರಷ್‌ನಿಂದ ಗೆರೆಯ ಉದ್ದಕ್ಕೆ ಉಜ್ಜಿ, ನೆರಳಲ್ಲಿ ಒಣಗಿಸಿ. ಪೆಟ್ರೋಲು, ಥಿನ್ನರು ಮುಟ್ಟಿಸಲೇಬೇಡಿ. ಟೇಲ್ ಲೈಟಿನ ಗ್ಲಾಸ್ ಹೆಚ್ಚಾಗಿ ಅಕ್ರಿಲಿಕ್. ಅವು ತಾಗಿದರೆ ಮೈತುಂಬ ಬಿರುಕು ಬಿಡುತ್ತದೆ, ಆಮೇಲೆ ಯಾವ ಪಾಲಿಶ್‌ಗೂ ಸರಿಹೋಗುವುದಿಲ್ಲ.

ಬಲ್ಬಿನ ಹಿಂದಿನ ಕನ್ನಡಿಯಂಥ ಭಾಗ, ಅಂದರೆ ರಿಫ್ಲೆಕ್ಟರ್, ಬಹಳ ನಾಜೂಕು. ಬಲ್ಬಿನ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೂ ಪಕ್ಕಕ್ಕೂ ಹೋಗುತ್ತದೆ, ಅದನ್ನು ಮುಂದಕ್ಕೆ ತಿರುಗಿಸುವುದು ಇದೇ. ಅದರ ಮೇಲಿನ ಅಲ್ಯೂಮಿನಿಯಂ ಪದರ ತೀರಾ ತೆಳು. ಹೊಳಪು ಇನ್ನೂ ಇದ್ದರೆ ಉಜ್ಜಬೇಡಿ, ನೀರಲ್ಲಿ ಜಾಲಾಡಿ ಹಾಗೇ ಒಣಗಲು ಬಿಡಿ. ಪದರ ಪೂರ್ತಿ ಎದ್ದು ಹೋಗಿ ಕಪ್ಪು ಪ್ಲಾಸ್ಟಿಕ್ಕೋ ತುಕ್ಕೋ ಕಾಣುತ್ತಿದ್ದರೆ ಎರಡು ದಾರಿ ಇವೆ. ಫ್ರಿಜ್, ಎಸಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಂಟಿನ ಅಲ್ಯೂಮಿನಿಯಂ ಟೇಪನ್ನು ಸಣ್ಣ ಪಟ್ಟಿ ಮಾಡಿ ಅಂಟಿಸಿ, ಚಮಚದ ಬೆನ್ನಿನಿಂದ ಸುಕ್ಕಿಲ್ಲದಂತೆ ತೀಡುವುದು ಒಂದು. ಬಲ್ಬಿನ ಕಾಂಟ್ಯಾಕ್ಟಿಗೆ ಟೇಪ್ ತಾಗದಂತೆ ಅಂತರ ಬಿಡಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ಟ್ರ್ಯಾಕ್ಟರ್, ಟ್ರಾಲಿಗಳ ಚಪ್ಪಟೆ ಲೈಟಿಗಾದರೆ ತುಕ್ಕು ಕೆರೆದು ಬಿಸಿ ತಡೆಯುವ ಹೊಳಪಿನ ಬಿಳಿ ಪೇಂಟ್ ಹೊಡೆದರೂ ಸಾಕು. ನನಗಂತೂ ಆ ಜಾತಿಯ ಲೈಟಿಗೆ ಬಿಳಿ ಪೇಂಟೇ ಇಷ್ಟ. ಬೆಳ್ಳಿ ಬಣ್ಣದ ಸ್ಪ್ರೇ ಹೆಸರಿಗೆ ಕ್ರೋಮ್, ಒಣಗಿದ ಮೇಲೆ ಬೂದು.

ವಾಪಸ್ ಜೋಡಿಸುವಾಗ ರಬ್ಬರ್ ಗ್ಯಾಸ್ಕೆಟ್ ಹರಿದಿದ್ದರೆ ಬದಲಿಸಿ. ಸಿಲಿಕಾನ್ ಹಾಕುವುದಿದ್ದರೆ ವಿನೆಗರ್ ವಾಸನೆ ಬರುವಂಥದ್ದು ಬೇಡ, ಅದರ ಆಮ್ಲ ಹೋಲ್ಡರಿಗೆ ತುಕ್ಕು ಹಿಡಿಸುತ್ತದೆ. ಕೆಳಗೆ ನೀರು ಇಳಿಯಲು ತೂತು ಇದ್ದರೆ ಅದನ್ನು ಮುಚ್ಚಬೇಡಿ.

ಮಸುಕಾದ ಗ್ಲಾಸಿಗೆ ಪಾಲಿಶ್

ಹೊರಮೈ ನುಣುಪಾಗಿರುವ ಗ್ಲಾಸಿಗೆ ಮಾತ್ರ ಇದು. 1000 ನಂಬರಿನ ವಾಟರ್ ಪೇಪರ್ ನೀರಲ್ಲಿ ನೆನೆಸಿ, ನೀರು ಬಿಡುತ್ತಾ ಒಂದೇ ದಿಕ್ಕಿಗೆ ಉಜ್ಜಿ. ಮೇಲಿನ ಗೀರುಗಳು ಹೋಗಿ ಪೂರ್ತಿ ಒಂದೇ ಸಮ ಮಬ್ಬಾದಾಗ ನಿಲ್ಲಿಸಿ. ನಂತರ 1500, ಈ ಸಲ ಅಡ್ಡ ದಿಕ್ಕಿಗೆ. ಹಾಗೆ ಮಾಡಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ 2000. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ಹೊಳಪು ಬರುವವರೆಗೆ ತಿಕ್ಕಿ. ಡ್ರಿಲ್ ಮೆಷಿನ್‌ಗೆ ಪ್ಯಾಡ್ ಹಾಕಿ ಮಾಡುವುದಾದರೆ ನಿಧಾನ ಸ್ಪೀಡಿನಲ್ಲಿ, ಒಂದೇ ಕಡೆ ನಿಲ್ಲದೆ. ಬಿಸಿಯಾದರೆ ಅಕ್ರಿಲಿಕ್ ಮೆತ್ತಗಾಗಿ ಎಳೆಎಳೆಯಾಗುತ್ತದೆ. ಮೇಲೆ ಕಾರ್ ವ್ಯಾಕ್ಸ್ ಹಚ್ಚಿ.

ಕೆಂಪು ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಬಿಸಿಲಿನ ಕೆಲಸ, ಪಾಲಿಶ್‌ನಿಂದ ಬಣ್ಣ ವಾಪಸ್ ಬರುವುದಿಲ್ಲ. ಹೊಸ ಗ್ಲಾಸೇ ಹಾಕಿ.

ಈಗ ಎಲ್‌ಇಡಿ ಮಾತು

ಇಷ್ಟೆಲ್ಲ ಮಾಡಿದ ಮೇಲೂ ಬೇಕು ಅನ್ನಿಸಿದರೆ ಹಾಕಬಹುದು. ಕರೆಂಟ್ ಕಡಿಮೆ ಸಾಕು, ಬ್ರೇಕ್ ಒತ್ತಿದ ತಕ್ಷಣ ಹೊತ್ತಿಕೊಳ್ಳುತ್ತದೆ. ಆದರೆ ಕೊಳ್ಳುವಾಗ ಎಚ್ಚರ ಬೇಕು. ಕೆಂಪು ಗ್ಲಾಸಿಗೆ ಕೆಂಪು ಎಲ್‌ಇಡಿಯನ್ನೇ ತನ್ನಿ. ಬಿಳಿ ಎಲ್‌ಇಡಿ ಬರಿಗಣ್ಣಿಗೆ ಪ್ರಖರವಾಗಿ ಕಾಣುತ್ತದೆ, ನಿಜ. ಆದರೆ ಅದರಲ್ಲಿ ಕೆಂಪಿನ ಅಂಶ ಕಡಿಮೆ. ಉಳಿದದ್ದನ್ನೆಲ್ಲ ಕೆಂಪು ಗ್ಲಾಸ್ ತಡೆದುಬಿಡುತ್ತದೆ. ಇಂಡಿಕೇಟರಿಗೆ ಹಳದಿ.

ಬಲ್ಬಿನ ತುದಿಯಲ್ಲಿ ಮಾತ್ರ ಚಿಪ್ ಇರುವುದು ಬೇಡ. ಸುತ್ತಲೂ ಇರಬೇಕು, ಬೆಳಕು ಪಕ್ಕಕ್ಕೆ ಹೋಗಿ ರಿಫ್ಲೆಕ್ಟರಿಗೆ ಬಿದ್ದರೆ ತಾನೇ ಇಡೀ ಗ್ಲಾಸ್ ಬೆಳಗುವುದು? ಇಲ್ಲದಿದ್ದರೆ ನಡುವೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಇನ್ನೊಂದು, ಟೇಲ್ ಮತ್ತು ಬ್ರೇಕ್ ನಡುವಿನ ವ್ಯತ್ಯಾಸ ಎದ್ದು ಕಾಣಬೇಕು. ಅಗ್ಗದ ಎಷ್ಟೋ ಬಲ್ಬುಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹಿಂದೆ ಬರುವವರಿಗೆ ನೀವು ಬ್ರೇಕ್ ಹಾಕಿದ್ದೇ ತಿಳಿಯದಿದ್ದರೆ ಮಂದ ಬಲ್ಬೇ ವಾಸಿ ಅಲ್ವಾ? ಅಂಗಡಿಯಲ್ಲೇ ಎರಡನ್ನೂ ಹೊತ್ತಿಸಿ ತೋರಿಸಲು ಕೇಳಿ.

ಇಂಡಿಕೇಟರಿಗೂ ಎಲ್‌ಇಡಿ ಹಾಕಿದರೆ ಫ್ಲಾಷರ್ (ಇಂಡಿಕೇಟರನ್ನು ಮಿನುಗಿಸುವ ಸಾಧನ) ಗಡಿಬಿಡಿಯಲ್ಲಿ ಬಡಿದುಕೊಳ್ಳುತ್ತದೆ. 21 ವ್ಯಾಟಿನ ಬಲ್ಬಿನ ಲೋಡ್ ಸಿಗದ್ದರಿಂದ ಬಲ್ಬ್ ಸುಟ್ಟಿದೆ ಅಂತ ಅದು ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ. ಲೋಡ್ ರೆಸಿಸ್ಟರ್ ಹಾಕುವವರೂ ಇದ್ದಾರೆ, ಆದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿನ ಹತ್ತಿರ ಇಡಬಾರದು. ಬಣ್ಣ ಬದಲಿಸುವ, ಸುಮ್ನೆ ಮಿನುಗುವ ಲೈಟುಗಳನ್ನು ಹಿಂದೆ ಹಾಕಲೇಬೇಡಿ. ಹಿಂದಿನವರಿಗೆ ಅದು ಬ್ರೇಕೋ ಇಂಡಿಕೇಟರೋ ತಿಳಿಯುವುದಿಲ್ಲ.

ಕೊನೆಯ ಪರೀಕ್ಷೆ, ರಸ್ತೆ ಬದಿಯಲ್ಲಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು, ನಂಬರ್ ಪ್ಲೇಟ್ ಬಿಳಿ ಬೆಳಕಿನಲ್ಲಿ 15 ಮೀಟರಿನಿಂದ ಓದಲು ಬರಬೇಕು. ಊರ ಹೊರಗೆ ಖಾಲಿ ಮೈದಾನದಲ್ಲೋ ಕಣದಲ್ಲೋ ಗಾಡಿ ನಿಲ್ಲಿಸಿ, ಸುಮಾರು ಇನ್ನೂರು ಹೆಜ್ಜೆ ಹಿಂದೆ ನಡೆದು ನೋಡಿ. ಹೈವೇ ಮೇಲೆ ನಿಂತು ಇದನ್ನು ಮಾಡಬೇಡಿ. ಹಗಲಲ್ಲೂ ಒಮ್ಮೆ ನೋಡಿ. ನಮ್ಮ ಮೇ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ಬ್ರೇಕ್ ಒತ್ತಿದ್ದು ಗೊತ್ತಾಗುತ್ತದೆಯಾ? ಮೊದಲು ತೆಗೆದಿಟ್ಟ ಫೋಟೋ ಜೊತೆ ಹೊಸದನ್ನು ಇಟ್ಟು ಹೋಲಿಸಿ.

ಟ್ರಾಲಿಯಾದರೆ ಲೋಡ್ ಹಾಕಿದ ಮೇಲೆ ಇನ್ನೊಮ್ಮೆ ನೋಡಲೇಬೇಕು. ಹಿಂದಿನ ಬಾಗಿಲು ಕೆಳಗೆ ಇಳಿಬಿಟ್ಟರೆ ಎರಡೂ ಲೈಟ್ ಅದರ ಹಿಂದೆ ಅಡಗುತ್ತವೆ. ಭತ್ತದ ಹುಲ್ಲು ತುಂಬಿದರೆ ಅದು ಜೋತುಬಿದ್ದು ಮುಚ್ಚುತ್ತದೆ. ಅಂಥ ಟ್ರಾಲಿಗೆ ಲೈಟಿನ ಜಾಗವನ್ನೇ ಬದಲಿಸಿ, ಚಾಸಿಯ ಎರಡೂ ತುದಿಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ ಹೊರಗೆ ಕಾಣುವಂತೆ ಕೂರಿಸಿ. ಜೊತೆಗೆ ಹಿಂದೆ ಅಡ್ಡಕ್ಕೆ ಪೂರ್ತಿ ಅಗಲಕ್ಕೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ, ಎಐಎಸ್-090 (ಇಂಥ ಟೇಪಿಗಿರುವ ಭಾರತದ ವಾಹನ ಮಾನದಂಡ) ಅಂತ ಗುರುತು ಇರುವುದನ್ನೇ ಕೇಳಿ ತನ್ನಿ. ಅಂಟಿಸುವ ಮೊದಲು ತಗಡಿನ ಎಣ್ಣೆ, ಧೂಳು ತೊಳೆದು ಒಣಗಿಸಿರಬೇಕು, ಇಲ್ಲದಿದ್ದರೆ ಒಂದು ಸುಗ್ಗಿಗೇ ಎದ್ದು ಬರುತ್ತದೆ. ಟ್ರಾಲಿ ರಸ್ತೆ ಬದಿ ಕೆಟ್ಟು ನಿಂತು, ಬ್ಯಾಟರಿ ಸತ್ತು, ಲೈಟ್ ಒಂದೂ ಉರಿಯದಿದ್ದಾಗಲೂ ಹಿಂದೆ ಬರುವ ಗಾಡಿಯ ಹೆಡ್‌ಲೈಟಿಗೆ ಹೊಳೆಯುವುದು ಆ ಟೇಪ್ ಮಾತ್ರ. ಲೈಟ್ ತೊಳೆಯುವಾಗಲೆಲ್ಲ ಅದನ್ನೂ ತೊಳೆಯಿರಿ.